ಮೋಟರ್‌ಹೋಮ್‌ನ ಡ್ಯಾಶ್ ಎಸಿ ಮತ್ತು ಹೀಟರ್: ದೋಷ ಪತ್ತೆ ಹಾಗೂ ದುರಸ್ತಿಯ ಸಮಗ್ರ ಮಾರ್ಗದರ್ಶಿ

ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗಳಿಂದ ತಣ್ಣನೆಯ ಗಾಳಿ ಬರುತ್ತಿಲ್ಲವೆಂದ ಕೂಡಲೇ ‘ಗ್ಯಾಸ್ ಖಾಲಿಯಾಗಿರಬೇಕು’ ಎಂದು ತೀರ್ಮಾನಿಸಿ, ಡಬ್ಬಿ ತಂದು ತುಂಬಿಸುವವರೇ ಹೆಚ್ಚು. ಮೋಟರ್‌ಹೋಮ್‌ನ, ಅಂದರೆ ವಾಸಕ್ಕೆ ಮನೆಯಂತೆ ಸಜ್ಜುಗೊಳಿಸಿದ ವಾಹನದ, ಮಟ್ಟಿಗೆ ಈ ಅವಸರ ದುಬಾರಿಯಾಗುತ್ತದೆ. ಗ್ಯಾಸ್ ಪೂರ್ತಿ ಇದ್ದು, ಕಂಪ್ರೆಸರ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ, ಎಂಜಿನ್ ತಣಿಸುವ ದ್ರವವನ್ನು (ಕೂಲೆಂಟನ್ನು) ಹೀಟರಿಗೆ ಬಿಡುವ ಒಂದು ಹೀಟರ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದ ಕಾರಣಕ್ಕೆ ಬೆಚ್ಚನೆಯ ಗಾಳಿ ಬರುವುದುಂಟು. ಪೆನ್ಸಿಲಿಗಿಂತ ತೆಳುವಾದ ಒಂದು ವ್ಯಾಕ್ಯೂಮ್ (ನಿರ್ವಾತದ ಎಳೆತ) ಕೊಳವೆ ಬಿರುಕುಬಿಟ್ಟು, ತಣ್ಣನೆಯ ಗಾಳಿಯೆಲ್ಲ ಮುಂಗಾಜಿನ ಕಡೆಗೆ ಹೊರಳಿಬಿಡುವುದೂ ಉಂಟು. ಅಂಥ ಸ್ಥಿತಿಯಲ್ಲಿ ಮೇಲಿಂದ ತುಂಬಿದ ಗ್ಯಾಸ್ ಮೂಲ ದೋಷವನ್ನು ಮುಟ್ಟುವುದೇ ಇಲ್ಲ. ಒತ್ತಡವನ್ನು ಏರಿಸಿ, ಚೆನ್ನಾಗಿದ್ದ ಕಂಪ್ರೆಸರನ್ನೂ ಹಾಳುಮಾಡುತ್ತದೆ. ಆದ್ದರಿಂದ ಗಾಳಿ, ಬಿಸಿ ಕೂಲೆಂಟ್, ವಿದ್ಯುತ್ತು, ಕೊನೆಯಲ್ಲಿ ಗ್ಯಾಸ್ ಎಂಬ ಕ್ರಮದಲ್ಲಿಯೇ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ವ್ಯವಸ್ಥೆಯ ಪರಿಚಯ

ಮೋಟರ್‌ಹೋಮ್‌ನ ಚಾವಣಿಯ ಮೇಲಿರುವ ಎಸಿ ಮತ್ತು ಎಲ್‌ಪಿಜಿ ಉರಿಸುವ ಫರ್ನೇಸ್ ವಾಸದ ಭಾಗಕ್ಕೆ ಸೇರಿದವು. ಡ್ಯಾಶ್ ಎಸಿ ಅವುಗಳಿಗೆ ಸಂಬಂಧವಿಲ್ಲದ, ಎಂಜಿನ್ನಿನಿಂದ ನಡೆಯುವ ಬೇರೆಯೇ ವ್ಯವಸ್ಥೆ. ಎಂಜಿನ್ನಿನ ಬೆಲ್ಟ್ ಕಂಪ್ರೆಸರನ್ನು ತಿರುಗಿಸುತ್ತದೆ. ಕಂಪ್ರೆಸರ್ ಒತ್ತಿ ಬಿಸಿಮಾಡಿದ ಗ್ಯಾಸ್ ಕಂಡೆನ್ಸರಿನಲ್ಲಿ ಶಾಖವನ್ನು ಹೊರಬಿಟ್ಟು ದ್ರವವಾಗುತ್ತದೆ. ಆ ದ್ರವ ತೇವ ಹೀರುವ ಡ್ರೈಯರನ್ನು ದಾಟಿ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ರಂಧ್ರದಿಂದ ಹೊರಬಿದ್ದು, ಡ್ಯಾಶ್‌ಬೋರ್ಡಿನ ಕೆಳಗಿರುವ ಇವಾಪೊರೇಟರಿನಲ್ಲಿ ಕುದಿದು ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಪೆಟ್ಟಿಗೆಯೊಳಗೆ ಹೀಟರ್ ಕೋರ್ ಕೂಡ ಇರುತ್ತದೆ. ಎಂಜಿನ್ನಿನ ಬಿಸಿ ಕೂಲೆಂಟ್ ಅದರ ಮೂಲಕ ಹರಿದು ಹೋಗುತ್ತದೆ. ತಂಪು ಮತ್ತು ಬಿಸಿ ಎರಡೂ ಹೀಗೆ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕುಳಿತಿರುವುದರಿಂದ ಒಂದರ ದೋಷ ಇನ್ನೊಂದರ ದೋಷದಂತೆ ಕಾಣಿಸಿಕೊಳ್ಳುತ್ತದೆ.

ಕಾರಿನಲ್ಲಿಲ್ಲದ ಒಂದು ತೊಡಕು ಇಲ್ಲಿದೆ. ಚಾಸಿ (ಎಂಜಿನ್, ಗಾಲಿಗಳಿರುವ ಅಡಿಚೌಕಟ್ಟು) ಮಾಡಿದವರು ಒಬ್ಬರು, ಅದರ ಮೇಲೆ ಮನೆ ಕಟ್ಟಿದವರು ಇನ್ನೊಬ್ಬರು. ದೊಡ್ಡ ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಚಾಸಿಯ ಜೊತೆ ಬಂದಿರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ, ಸ್ವಿಚ್ಚುಗಳು ಮತ್ತು ಗಾಳಿಯ ಕೊಳವೆಗಳನ್ನು ಮನೆ ಕಟ್ಟಿದವರು ಮೂರನೆಯ ತಯಾರಕರಿಂದ ತರಿಸಿ ಜೋಡಿಸಿರುತ್ತಾರೆ. ಹೀಗಾಗಿ ಚಾಸಿಯ ಕೈಪಿಡಿಯಲ್ಲಿರುವ ವೈರಿಂಗ್ ನಕ್ಷೆ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. ಪೆಟ್ಟಿಗೆಯ ಮೇಲೆ ಅಂಟಿಸಿರುವ ಚೀಟಿಯ ಮಾದರಿ ಸಂಖ್ಯೆಯನ್ನು ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ಬಿಡಿಭಾಗ ಹುಡುಕುವಾಗ ವಾಹನದ ಹೆಸರು ಮತ್ತು ವರ್ಷಕ್ಕಿಂತ ಆ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲಸ ಆರಂಭಿಸುವ ಮುನ್ನ

ವಾಹನವನ್ನು ಸಮತಟ್ಟಾದ ಬಯಲು ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ಗಾಲಿಗಳಿಗೆ ಅಡ್ಡಗಟ್ಟೆ ಇಡಿ. ಏರ್ ಸಸ್ಪೆನ್ಷನ್ ಇರುವ ವಾಹನದ ಕೆಳಗೆ, ಚಾಸಿಗೆ ಗಟ್ಟಿಯಾದ ಸ್ಟ್ಯಾಂಡುಗಳ ಆಸರೆ ಕೊಡದೆ, ಎಂದಿಗೂ ನುಸುಳಬೇಡಿ. ಗಾಳಿ ಸೋರಿದರೆ ಇಡೀ ವಾಹನ ಕೆಳಗೆ ಕೂರುತ್ತದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಎಸಿಯಲ್ಲಿ ತುಂಬುವ ಆರ್-134ಎ ಗ್ಯಾಸ್ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ, ಸಿಡಿದ ಒಂದು ಹನಿ ಕಣ್ಣನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಕನ್ನಡಕ ಮತ್ತು ಕೈಗವಸು ಧರಿಸದೆ ಗ್ಯಾಸಿನ ಕೊಂಡಿಗಳನ್ನು ಮುಟ್ಟಬೇಡಿ. ಸೋರಿಕೆಯಿರುವಲ್ಲಿ ಬೆಂಕಿ, ಸಿಗರೇಟು ಇರಕೂಡದು. ಬಿಸಿ ತಾಗಿದ ಗ್ಯಾಸ್ ವಿಷಾನಿಲಗಳಾಗಿ ಒಡೆಯುತ್ತದೆ.

ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆ

ಎಂಜಿನ್ ಬಿಸಿಯಾಗುವವರೆಗೆ ಕಾಯಿರಿ. ಬ್ಲೋವರನ್ನು (ಗಾಳಿ ಊದುವ ಫ್ಯಾನನ್ನು) ಒಂದೊಂದೇ ವೇಗದಲ್ಲಿ ನಡೆಸಿ, ಗಾಳಿಯ ದಿಕ್ಕಿನ ಗುಂಡಿಯನ್ನು ಒಂದೊಂದೇ ಸ್ಥಾನಕ್ಕೆ ತಿರುಗಿಸಿ, ಗಾಳಿ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ಕೈಯಿಟ್ಟು ನೋಡಿ, ಕಂಡದ್ದನ್ನೆಲ್ಲ ಬರೆದಿಡಿ. ಗಾಳಿಯೇ ಬಾರದಿದ್ದರೆ ಬ್ಲೋವರಿನ ವಿದ್ಯುತ್ ಮಾರ್ಗವನ್ನು ನೋಡಬೇಕು. ಗಾಳಿ ಜೋರಾಗಿದ್ದು ತಪ್ಪು ಕಿಂಡಿಯಿಂದ ಬರುತ್ತಿದ್ದರೆ ವ್ಯಾಕ್ಯೂಮ್ ಅಥವಾ ಒಳಗಿನ ಬಾಗಿಲುಗಳ ದೋಷ. ದಿಕ್ಕು ಸರಿಯಿದ್ದು ತಂಪಿಲ್ಲದಿದ್ದರೆ, ಎಸಿ ಸ್ವಿಚ್ ಒತ್ತಿದಾಗ ಕಂಪ್ರೆಸರನ್ನು ಬೆಲ್ಟಿನ ಗಾಲಿಗೆ ಜೋಡಿಸುವ ವಿದ್ಯುತ್ ಕ್ಲಚ್ ‘ಟಕ್’ ಎಂದು ಹಿಡಿಯುವ ಸದ್ದು ಬರುತ್ತದೆಯೇ ಎಂದು ಕೇಳಿ. ಆರಂಭದಲ್ಲಿ ಚೆನ್ನಾಗಿ ತಂಪಾಗಿ, ಒಂದು ಗಂಟೆಯ ಪ್ರಯಾಣದ ನಂತರ ಗಾಳಿಯ ವೇಗವೇ ಕುಗ್ಗಿ, ಎಸಿಯನ್ನು ಹತ್ತು ನಿಮಿಷ ನಿಲ್ಲಿಸಿದಾಗ ಮತ್ತೆ ಸರಿಹೋಗುವುದಾದರೆ ಇವಾಪೊರೇಟರಿನ ಮೇಲೆ ಹಿಮ ಕಟ್ಟುತ್ತಿದೆ ಎಂದು ಅರ್ಥ. ಅದರ ರೆಕ್ಕೆಗಳ ನಡುವೆ ಇರಬೇಕಾದ ಥರ್ಮೋಸ್ಟಾಟಿನ ತಂತಿ ಜಾರಿ ಹೊರಬಂದಿರಬಹುದು ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು.

ಬ್ಲೋವರ್

ಕೊನೆಯ ವೇಗದಲ್ಲಿ ಮಾತ್ರ ಓಡುವ ಬ್ಲೋವರಿಗೆ ಕಾರಣ ಬಹುತೇಕ ರೆಸಿಸ್ಟರ್. ಕಡಿಮೆ ವೇಗಗಳೆಲ್ಲ ಅದರ ಮೂಲಕ ಹಾದುಬರುತ್ತವೆ, ಗರಿಷ್ಠ ವೇಗ ಮಾತ್ರ ಅದನ್ನು ಬಿಟ್ಟು ನೇರವಾಗಿ ಬರುತ್ತದೆ. ಹೊಸ ರೆಸಿಸ್ಟರ್ ಹಾಕುವ ಮುನ್ನ ಅದರ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಕರಗಿದ್ದರೆ ಅದನ್ನೂ ಬದಲಾಯಿಸದೆ ವಿಧಿಯಿಲ್ಲ. ಬ್ಲೋವರ್ ತಿರುಗದೇ ಇದ್ದರೆ ಫ್ಯೂಸ್, ರಿಲೇಗಳನ್ನು ನೋಡಿ, ನಂತರ ಮೋಟರಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಿಂದ ಅಳೆಯಿರಿ. ವೋಲ್ಟೇಜ್ ಇದ್ದೂ ತಿರುಗದಿದ್ದರೆ ಗ್ರೌಂಡ್ ತಂತಿಯನ್ನು ಅನುಮಾನಿಸಿ. ಫೈಬರ್‌ಗ್ಲಾಸ್ ಮುಂಭಾಗವಿರುವ ವಾಹನದಲ್ಲಿ ಗ್ರೌಂಡ್ ತಂತಿ ಬಹಳ ದೂರ ಸಾಗಿ ಚಾಸಿಯ ಕಬ್ಬಿಣವನ್ನು ಸೇರಬೇಕಾಗಿರುವುದರಿಂದ, ಆ ಬೋಲ್ಟಿನ ಕೆಳಗಿನ ತುಕ್ಕು ಅನೇಕ ವಿಚಿತ್ರ ದೋಷಗಳಿಗೆ ಕಾರಣವಾಗುತ್ತದೆ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿ ಮಾಡಿ.

ವ್ಯಾಕ್ಯೂಮ್ ಮತ್ತು ಒಳಗಿನ ಬಾಗಿಲುಗಳು

ಹಳೆಯ ಮೋಟರ್‌ಹೋಮ್‌ಗಳಲ್ಲಿ ಗಾಳಿಯ ದಿಕ್ಕನ್ನು ಬದಲಿಸುವ ಬಾಗಿಲುಗಳನ್ನು ಎಳೆಯುವುದು ವ್ಯಾಕ್ಯೂಮ್. ಅದು ತಪ್ಪಿದರೆ ಗಾಳಿಯೆಲ್ಲ ಮುಂಗಾಜಿಗೆ ಹೋಗುವಂತೆ ಬಾಗಿಲುಗಳಿಗೆ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಗಾಜಿನ ಮೇಲಿನ ಮಂಜು ತೆಗೆಯುವುದು ಸುರಕ್ಷತೆಯ ವಿಷಯವಾದುದರಿಂದ ಈ ವಿನ್ಯಾಸ ಉದ್ದೇಶಪೂರ್ವಕವಾದದ್ದು. ಪೆಟ್ರೋಲ್ ಎಂಜಿನ್ ಐಡಲಿನಲ್ಲಿರುವಾಗ ಸುಮಾರು 17ರಿಂದ 21 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಕೊಡುತ್ತದೆ, ಆದರೆ ಘಾಟಿ ಏರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಗಿಲುಗಳನ್ನು ಹಿಡಿದಿಡಲೆಂದೇ ಒಂದು ವ್ಯಾಕ್ಯೂಮ್ ಡಬ್ಬಿಯೂ ಒಂದೇ ದಿಕ್ಕಿಗೆ ಗಾಳಿ ಬಿಡುವ ಒಂದು ಚೆಕ್ ವಾಲ್ವೂ ಇರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಎದುರಿನ ಕಿಂಡಿಗಳಿಂದ ಬರುತ್ತಿದ್ದ ಗಾಳಿ ಏರು ಬಂದ ಕೂಡಲೇ ಮುಂಗಾಜಿಗೆ ಹೊರಳಿ, ಇಳಿಜಾರಿನಲ್ಲಿ ಮತ್ತೆ ಮರಳುತ್ತಿದ್ದರೆ ಈ ಎರಡರಲ್ಲೊಂದು ಕೆಟ್ಟಿದೆ, ಇಲ್ಲವೇ ಎಲ್ಲೋ ಒಂದು ಕೊಳವೆ ಸೋರುತ್ತಿದೆ. ಡೀಸೆಲ್ ಎಂಜಿನ್ ಉಪಯೋಗಕ್ಕೆ ಬರುವಷ್ಟು ವ್ಯಾಕ್ಯೂಮ್ ಉಂಟುಮಾಡದ ಕಾರಣ, ಅಂಥ ವಾಹನಗಳಲ್ಲಿ ಈ ಏರ್ಪಾಡು ಇದ್ದರೆ ಅದಕ್ಕೆ ಪ್ರತ್ಯೇಕ ಪಂಪ್ ಇರುತ್ತದೆ. ಅದು ಬಿಡುವಿಲ್ಲದೆ ಓಡುತ್ತಿದ್ದರೆ ಸೋರಿಕೆಯಿದೆ ಎಂದೇ ತಿಳಿಯಬೇಕು.

ಪತ್ತೆ ಹಚ್ಚುವ ವಿಧಾನ ಸರಳವಾದದ್ದು, ಆದರೆ ತಾಳ್ಮೆ ಬೇಕು. ಎಂಜಿನ್ ಬಳಿಯ ಕೊಳವೆಯನ್ನು ಕಳಚಿ, ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪನ್ನು ಅದಕ್ಕೆ ಜೋಡಿಸಿ, 15ರಿಂದ 20 ಇಂಚಿನವರೆಗೆ ಎಳೆದು, ಮುಳ್ಳು ನಿಲ್ಲುತ್ತದೆಯೇ ನೋಡಿ. ಮುಳ್ಳು ಇಳಿಯುತ್ತಿದ್ದರೆ ಕೊಳವೆಯ ಮಾರ್ಗವನ್ನು ಭಾಗ ಮಾಡುತ್ತಾ, ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ಎಂಜಿನ್ನಿನ ಶಾಖ ತಾಗುವ ಕಡೆ ರಬ್ಬರ್ ಮೊದಲು ಗಟ್ಟಿಯಾಗುತ್ತದೆ. ಕೊಳವೆಯ ತುದಿಯನ್ನು ಉಗುರಿನಿಂದ ಒತ್ತಿದಾಗ ಅದು ಬಾಗದೆ ‘ಚಟ್’ ಎಂದು ಸೀಳಿ, ಒಳಗಿನ ಕಪ್ಪುಪುಡಿ ಬೆರಳಿಗೆ ಅಂಟಿಕೊಂಡರೆ ಹುಡುಕುತ್ತಿದ್ದ ಜಾಗ ಸಿಕ್ಕಿದಂತೆಯೇ. ತುದಿಯನ್ನು ಮಾತ್ರ ಕತ್ತರಿಸಿ ಮತ್ತೆ ಸಿಕ್ಕಿಸುವುದಕ್ಕಿಂತ, ಶಾಖದ ಬಳಿಯ ಭಾಗವನ್ನು ಪೂರ್ತಿ ಬದಲಾಯಿಸುವುದೇ ಮೇಲು.

ಹೊಸ ವಾಹನಗಳಲ್ಲಿ ಬಾಗಿಲುಗಳನ್ನು ನಡೆಸುವುದು ಸಣ್ಣ ವಿದ್ಯುತ್ ಮೋಟರುಗಳು. ಡ್ಯಾಶ್‌ಬೋರ್ಡಿನ ಹಿಂದಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಒಂದೇ ಸಮನೆ ಬರುತ್ತಿದ್ದರೆ ಅಂಥ ಒಂದು ಮೋಟರಿನ ಗೇರಿನ ಹಲ್ಲು ಮುರಿದಿದೆ, ಮೋಟರನ್ನೇ ಬದಲಾಯಿಸಬೇಕು.

ಗಾಳಿಯ ಕೊಳವೆಗಳನ್ನೂ ಮರೆಯಬೇಡಿ. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದರೆ, ಸುರುಳಿ ಕೊಳವೆಯೊಂದು ಕಿಂಡಿಯಿಂದ ಕಳಚಿ ಒಳಗೇ ಗಾಳಿ ಸುರಿಯುತ್ತಿರುವುದು ಕಾಣಬಹುದು. ಹೊರಗಿನ ಗಾಳಿಯನ್ನು ತಡೆಯುವ ಬಾಗಿಲು ಮುಚ್ಚದಿದ್ದರೂ, ಎಂಜಿನ್ ಮುಚ್ಚಳದ ಅಂಚಿನ ರಬ್ಬರ್ ಸವೆದಿದ್ದರೂ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಡ್ಯಾಶ್ ಎಸಿಯನ್ನು ಮುಂಭಾಗದ ಇಬ್ಬರ ಅನುಕೂಲಕ್ಕೆಂದು ರೂಪಿಸಿರುವುದರಿಂದ, ಇಡೀ ಮನೆಯನ್ನು ಅದು ತಂಪು ಮಾಡಲೆಂದು ನಿರೀಕ್ಷಿಸಲಾಗದು. ಸೀಟುಗಳ ಹಿಂದೆ ಒಂದು ಪರದೆ ಎಳೆದುಕೊಂಡರೆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ.

ಹೀಟರ್

ಎಂಜಿನ್ ಬಿಸಿಯಿದ್ದಾಗ ಹೀಟರ್ ಕೋರಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡೂ ಹೋಸುಗಳನ್ನು ಕೈಗವಸು ಹಾಕಿಕೊಂಡು ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಒಳಗಿನ ಬಾಗಿಲು ಗಾಳಿಯನ್ನು ಕೋರಿನ ಕಡೆಗೆ ಬಿಡುತ್ತಿಲ್ಲ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ವಾಲ್ವ್ ತೆರೆದಿಲ್ಲ ಅಥವಾ ಕೋರ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಡಿಮೆಯಾಗಿದೆ, ಎಂಜಿನ್ನಿನ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆ, ಅಥವಾ ಗಾಳಿಗುಳ್ಳೆ ದಾರಿಗೆ ಅಡ್ಡವಾಗಿದೆ. ಥರ್ಮೋಸ್ಟಾಟಿನ ದೋಷವಾಗಿದ್ದರೆ ಉಷ್ಣತೆಯ ಮುಳ್ಳು ಕೂಡ ಎಂದಿನ ಜಾಗಕ್ಕೆ ಏರಿರುವುದಿಲ್ಲ.

ಎಂಜಿನ್ ಹಿಂದಿರುವ ಡೀಸೆಲ್ ವಾಹನಗಳಲ್ಲಿ ಹೀಟರ್ ಹೋಸುಗಳು ವಾಹನದ ಉದ್ದಕ್ಕೂ ಸಾಗಿ ಬರಬೇಕು. ಅಷ್ಟು ದೂರದಲ್ಲಿ ಗಾಳಿ ಸಿಕ್ಕಿಕೊಳ್ಳಲು ಅವಕಾಶ ಹೆಚ್ಚು. ಕೆಲವು ವಾಹನಗಳಲ್ಲಿ ಕೂಲೆಂಟನ್ನು ಮುಂದಕ್ಕೆ ತಳ್ಳಲು ಹೆಚ್ಚುವರಿ ಪಂಪ್ ಇರುತ್ತದೆ, ಅದು ಓಡುತ್ತಿದೆಯೇ ನೋಡಿ. ಎಂಜಿನ್ ಬಳಿ ಹೋಸುಗಳಿಗೆ ಕೈಯಿಂದ ತಿರುಗಿಸುವ ವಾಲ್ವುಗಳಿವೆಯೇ ಎಂದೂ ಹುಡುಕಿ. ಬೇಸಿಗೆಯಲ್ಲಿ ಯಾರೋ ಮುಚ್ಚಿ, ಚಳಿಗಾಲದಲ್ಲಿ ಮರೆತ ಕಾರಣಕ್ಕೆ ಹೀಟರ್ ಕೋರನ್ನೇ ಬದಲಾಯಿಸಿದವರಿದ್ದಾರೆ.

ಕಟ್ಟಿಕೊಂಡ ಕೋರನ್ನು ತೊಳೆಯಲು, ಎಂಜಿನ್ ತಣಿದ ಮೇಲೆ ಎರಡೂ ಹೋಸುಗಳನ್ನು ಬಿಚ್ಚಿ, ಕೂಲೆಂಟ್ ಮರಳುವ ಬದಿಯಿಂದ ಕಡಿಮೆ ಒತ್ತಡದಲ್ಲಿ ನೀರು ಬಿಡಿ. ತಿಳಿನೀರು ಬರುವವರೆಗೆ ದಿಕ್ಕು ಬದಲಿಸುತ್ತಾ ಮುಂದುವರಿಸಿ. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಹಳೆಯ ಕೋರ್ ಒಡೆದುಹೋದೀತು. ಹೊರಬಂದ ಕೂಲೆಂಟನ್ನು ಪಾತ್ರೆಯಲ್ಲಿ ಹಿಡಿಯಿರಿ. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ರುಚಿಗೆ ಸಿಹಿ, ಆದರೆ ಪ್ರಾಣಿಗಳಿಗೂ ಮಕ್ಕಳಿಗೂ ಮಾರಕ ವಿಷ. ಕಾಲಿನ ಬಳಿ ನೆಲ ಅಂಟಂಟಾಗಿ, ಗಾಜಿನ ಮೇಲೆ ಎಣ್ಣೆಯಂಥ ಮಂಜು ಕೂತು, ಸಿಹಿಯಾದ ವಾಸನೆ ಬರುತ್ತಿದ್ದರೆ ಕೋರ್ ಸೋರುತ್ತಿದೆ, ತೊಳೆಯುವುದರಿಂದ ಪ್ರಯೋಜನವಿಲ್ಲ.

ತಂಪು ಸಾಲದಿದ್ದಾಗ ಮಾಡಬೇಕಾದ, ನನಗೆ ಅತ್ಯಂತ ಉಪಯುಕ್ತವೆನಿಸಿದ ಪರೀಕ್ಷೆಯೂ ಇಲ್ಲಿಯೇ ಬರುತ್ತದೆ. ಹೋಸ್ ಹಿಸುಕುವ ಕ್ಲಾಂಪಿನಿಂದ ಹೀಟರಿಗೆ ಹೋಗುವ ಹೋಸನ್ನು ಮುಚ್ಚಿ, ಎಸಿಯನ್ನು ಹದಿನೈದು ನಿಮಿಷ ನಡೆಸಿ. ಕಿಂಡಿಯ ಗಾಳಿ ಮೊದಲಿಗಿಂತ ಗಮನಾರ್ಹವಾಗಿ ತಂಪಾದರೆ, ಎಸಿ ಸರಿಯಾಗಿಯೇ ತಣ್ಣಗೆ ಮಾಡುತ್ತಿತ್ತು, ಪಕ್ಕದಲ್ಲಿದ್ದ ಹೀಟರ್ ಕೋರ್ ಅದನ್ನು ಮತ್ತೆ ಬಿಸಿಮಾಡುತ್ತಿತ್ತು ಎಂಬುದು ಖಚಿತ. ಹೀಟರ್ ವಾಲ್ವನ್ನು ಬದಲಾಯಿಸಿ, ಅದನ್ನು ಎಳೆಯುವ ಕೇಬಲ್ ಅಥವಾ ವ್ಯಾಕ್ಯೂಮ್ ಅದನ್ನು ಕೊನೆಯವರೆಗೆ ಮುಚ್ಚುತ್ತಿದೆಯೇ ನೋಡಿಕೊಳ್ಳಿ.

ಕ್ಲಚ್ ಹಿಡಿಯದಿದ್ದಾಗ

ಕ್ಲಚ್ಚಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದ್ದೂ ಅದು ಹಿಡಿಯದಿದ್ದರೆ ಕಾಯಿಲನ್ನು ಅಳೆಯಿರಿ. 12 ವೋಲ್ಟಿನ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಕಾಯಿಲ್ ಸರಿಯಿದ್ದರೆ ಕ್ಲಚ್ ತಟ್ಟೆಯ ನಡುವಿನ ಅಂತರ ಸವೆದು ಹೆಚ್ಚಿರಬಹುದು. ಸಾಮಾನ್ಯವಾಗಿ ಅದು ಸುಮಾರು 0.4ರಿಂದ 0.8 ಮಿಲಿಮೀಟರ್ ಇರಬೇಕು, ಅಂತರ ಹೊಂದಿಸುವ ತೆಳುವಾದ ಬಿಲ್ಲೆ (ಶಿಮ್) ತೆಗೆದು ಸರಿಪಡಿಸಬಹುದು. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಕ್ಲಚ್ ಬಿಟ್ಟುಹೋಗುವುದು ಈ ದೋಷದ ಲಕ್ಷಣ.

ವೋಲ್ಟೇಜ್ ಬಾರದಿದ್ದರೆ ಫ್ಯೂಸ್, ರಿಲೇ, ಇವಾಪೊರೇಟರಿನ ಥರ್ಮೋಸ್ಟಾಟ್ ಮತ್ತು ಒತ್ತಡದ ಸ್ವಿಚ್ಚುಗಳನ್ನು ಒಂದೊಂದಾಗಿ ಹಿಂಬಾಲಿಸಿ. ಗ್ಯಾಸ್ ತೀರಾ ಕಡಿಮೆಯಾದಾಗ ಕಂಪ್ರೆಸರನ್ನು ಉಳಿಸಲೆಂದೇ ಲೋ ಪ್ರೆಶರ್ ಸ್ವಿಚ್ ವಿದ್ಯುತ್ತನ್ನು ಕಡಿತಗೊಳಿಸುತ್ತದೆ. ಅದರ ಎರಡು ತಂತಿಗಳನ್ನು ಪರೀಕ್ಷೆಗಾಗಿ ಕೆಲವೇ ಸೆಕೆಂಡು ಜೋಡಿಸಿ ನೋಡಬಹುದು. ಹಾಗೆಯೇ ಜೋಡಿಸಿಟ್ಟು ಓಡಿಸಿದರೆ ಎಣ್ಣೆ ಸಿಗದೆ ಕಂಪ್ರೆಸರ್ ಸುಟ್ಟುಹೋಗುತ್ತದೆ, ಏಕೆಂದರೆ ಎಣ್ಣೆ ಗ್ಯಾಸಿನೊಂದಿಗೇ ಸಂಚರಿಸುತ್ತದೆ.

ಗೇಜ್ ಏನು ಹೇಳುತ್ತದೆ

ಯಾವ ಗ್ಯಾಸ್ ಇದೆ ಎಂಬುದನ್ನು ಎಂಜಿನ್ ಬಳಿಯ ಚೀಟಿಯಲ್ಲಿ ಓದಿಯೇ ಮುಂದುವರಿಯಿರಿ. 1990ರ ದಶಕದ ಆರಂಭದವರೆಗಿನ ವಾಹನಗಳಲ್ಲಿ ಆರ್-12, ನಂತರ ಆರ್-134ಎ, ಇತ್ತೀಚಿನ ಚಾಸಿಗಳಲ್ಲಿ ಆರ್-1234ವೈಎಫ್ ಇರುತ್ತದೆ. ಒಂದಕ್ಕೊಂದು ಬೆರೆಸುವಂತಿಲ್ಲ. ಕೆಳಗಿನ ಅಂಕಿಗಳೆಲ್ಲ ಆರ್-134ಎಗೆ ಸಂಬಂಧಿಸಿದವು.

ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಕಡಿಮೆ ಒತ್ತಡದ ಬದಿಗೆ ಲೋ ಸೈಡ್, ಒತ್ತಿ ಹೊರಬಿಡುವ ಹೆಚ್ಚು ಒತ್ತಡದ ಬದಿಗೆ ಹೈ ಸೈಡ್ ಎನ್ನುತ್ತಾರೆ. ಎಂಜಿನ್ ನಿಂತು, ತಣಿದು, ಎರಡೂ ಬದಿಯ ಒತ್ತಡ ಸಮವಾದಾಗ ಒತ್ತಡ ಅಳೆಯುವ ಗೇಜ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 80 ಪಿಎಸ್‌ಐ (ಚದರ ಇಂಚಿಗೆ ಪೌಂಡು), 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ ತೋರಿಸಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಒಳಗೆ ಸ್ವಲ್ಪವಾದರೂ ದ್ರವರೂಪದ ಗ್ಯಾಸ್ ಇರುವವರೆಗೆ ಈ ಒತ್ತಡ ಉಷ್ಣತೆಯನ್ನು ಮಾತ್ರ ಅನುಸರಿಸುತ್ತದೆ. ಪೂರ್ತಿ ತುಂಬಿದ ವ್ಯವಸ್ಥೆಯೂ ಅರ್ಧ ಸೋರಿದ ವ್ಯವಸ್ಥೆಯೂ ಒಂದೇ ಅಂಕಿಯನ್ನು ಕೊಡಬಲ್ಲವು. ಅಂಕಿ ಬಹಳ ಕೆಳಗಿದ್ದರೆ ಗ್ಯಾಸ್ ಬಹುಮಟ್ಟಿಗೆ ಖಾಲಿಯಾಗಿದೆ ಎಂದು ಖಚಿತವಾಗಿ ಹೇಳಬಹುದು, ಸರಿಯಿದ್ದರೆ ಗ್ಯಾಸ್ ಸಾಕಷ್ಟಿದೆ ಎಂದು ಹೇಳಲಾಗದು.

ಈಗ ಎಂಜಿನ್ನನ್ನು ಸುಮಾರು 1,500 ಆರ್‌ಪಿಎಂನಲ್ಲಿ ನಡೆಸಿ, ಬ್ಲೋವರನ್ನು ಗರಿಷ್ಠಕ್ಕಿಟ್ಟು ಓದಿ. ಹೊರಗೆ 30 ಡಿಗ್ರಿಯ ಆಸುಪಾಸಿನಲ್ಲಿ ಲೋ ಸೈಡ್ 30ರಿಂದ 45, ಹೈ ಸೈಡ್ 200ರಿಂದ 250 ಪಿಎಸ್‌ಐ ಇದ್ದರೆ ಸಾಮಾನ್ಯ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಸೋರಿದೆ. ಲೋ ಹೆಚ್ಚಾಗಿದ್ದು ಹೈ ಕಡಿಮೆಯಿದ್ದರೆ ಕಂಪ್ರೆಸರ್ ಒಳಗೆ ಸವೆದಿದೆ. ಲೋ ಸೈಡ್ ವ್ಯಾಕ್ಯೂಮಿನತ್ತ ಇಳಿಯುತ್ತಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿಕೊಂಡಿದೆ. ಎರಡೂ ಹೆಚ್ಚಿದ್ದರೆ ಗ್ಯಾಸ್ ಅತಿಯಾಗಿದೆ, ಒಳಗೆ ಗಾಳಿ ಸೇರಿದೆ, ಅಥವಾ ಕಂಡೆನ್ಸರ್ ತಣಿಯುತ್ತಿಲ್ಲ. ಈ ಕೊನೆಯದನ್ನು ಬೇರ್ಪಡಿಸಲು ಕಂಡೆನ್ಸರಿನ ಮೇಲೆ ನೀರು ಚಿಮುಕಿಸಿ: ಹೈ ಸೈಡ್ ಸರಸರನೆ ಇಳಿದು ಕಿಂಡಿಯ ಗಾಳಿ ತಂಪಾದರೆ, ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಆಗ ರೆಕ್ಕೆಗಳ ನಡುವಿನ ಕೀಟ, ಧೂಳುಗಳನ್ನು ಮೃದುವಾಗಿ ತೊಳೆದು, ಕಂಡೆನ್ಸರಿಗೆ ಪ್ರತ್ಯೇಕ ವಿದ್ಯುತ್ ಫ್ಯಾನ್ ಇದ್ದರೆ ಅದು ತಿರುಗುತ್ತಿದೆಯೇ, ಸರಿಯಾದ ದಿಕ್ಕಿನಲ್ಲಿ ತಿರುಗುತ್ತಿದೆಯೇ ಎಂದು ನೋಡಿ.

ಸೋರಿಕೆ, ವ್ಯಾಕ್ಯೂಮ್, ಗ್ಯಾಸ್ ತುಂಬುವಿಕೆ

ಮುಚ್ಚಿದ ವ್ಯವಸ್ಥೆಯಲ್ಲಿ ಗ್ಯಾಸ್ ಕಡಿಮೆಯಾಗಿದ್ದರೆ ಅದು ಎಲ್ಲಿಯೋ ಹೊರಬಂದಿದೆ. ಗ್ಯಾಸಿನೊಂದಿಗೆ ಎಣ್ಣೆಯೂ ಒಸರುವುದರಿಂದ, ಧೂಳು ಮೆತ್ತಿ ಒದ್ದೆಯಾಗಿ ಕಾಣುವ ಕೊಂಡಿಗಳನ್ನು ಮೊದಲು ನೋಡಿ, ನಂತರ ಸೋಪಿನ ನೊರೆ ಅಥವಾ ಯುವಿ ಡೈ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಬಳಸಿ. ಎಲೆಕ್ಟ್ರಾನಿಕ್ ಪತ್ತೆಯಂತ್ರವಿದ್ದರೆ ಕೊಂಡಿಯ ಕೆಳಭಾಗದಲ್ಲಿ ಹಿಡಿಯಿರಿ, ಈ ಗ್ಯಾಸ್ ಗಾಳಿಗಿಂತ ಭಾರವಾದದ್ದು. ಉದ್ದವಾದ ಹೋಸುಗಳು ಚಾಸಿಗೆ ಉಜ್ಜಿ ಸವೆಯುವ ಜಾಗಗಳು, ಕಂಪ್ರೆಸರಿನ ಮುಂಭಾಗದ ಸೀಲ್, ಗೇಜ್ ಜೋಡಿಸುವ ವಾಲ್ವುಗಳು—ಇವುಗಳ ಮೇಲೆ ಹೆಚ್ಚು ಗಮನವಿರಲಿ. ಡಬ್ಬಿಯಲ್ಲಿ ಬರುವ ಸೋರಿಕೆ ತಡೆಯುವ ಅಂಟನ್ನು ದಯವಿಟ್ಟು ಹಾಕಬೇಡಿ. ಅದು ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ದುರಸ್ತಿಗಾರರ ಯಂತ್ರವನ್ನೂ ಕಟ್ಟಿಸಿಬಿಡುತ್ತದೆ.

ವ್ಯವಸ್ಥೆಯನ್ನು ಬಿಚ್ಚುವ ಮುನ್ನ ಉಳಿದ ಗ್ಯಾಸನ್ನು ಯಂತ್ರದಿಂದ ಹಿಂದಕ್ಕೆ ಪಡೆಯಬೇಕು. ಗಾಳಿಗೆ ಬಿಡುವುದನ್ನು ಅನೇಕ ದೇಶಗಳ ಕಾನೂನು ನಿಷೇಧಿಸುತ್ತದೆ, ಮತ್ತು ಆರ್-134ಎ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಈ ಹಂತಕ್ಕೆ ಯಂತ್ರವಿಲ್ಲದವರು ಪರವಾನಗಿಯುಳ್ಳ ದುರಸ್ತಿಗಾರರ ಬಳಿಗೆ ಹೋಗುವುದೇ ಸರಿ.

ಬಿಚ್ಚಿದ ಪ್ರತಿ ಕೊಂಡಿಗೂ ಹೊಸ ಓ-ರಿಂಗ್ (ರಬ್ಬರ್ ಬಳೆ) ಹಾಕಿ, ಅದಕ್ಕೆ ಎಸಿ ಎಣ್ಣೆ ಸವರಿ ಕೂರಿಸಿ. ಡ್ರೈಯರನ್ನು ಬದಲಾಯಿಸಿ, ಅದರ ಮುಚ್ಚಳಗಳನ್ನು ಜೋಡಿಸುವ ಕ್ಷಣದವರೆಗೆ ತೆಗೆಯಬೇಡಿ, ಒಳಗಿನ ತೇವ ಹೀರುವ ವಸ್ತು ಹೊರಗಾಳಿಯಲ್ಲಿ ಬೇಗ ನಿರುಪಯುಕ್ತವಾಗುತ್ತದೆ. ಹಳೆಯ ಕಂಪ್ರೆಸರ್ ಒಳಗೇ ಮುರಿದು ಕಪ್ಪಾದ ಲೋಹದ ಪುಡಿ ಹರಡಿದ್ದರೆ, ಹೋಸುಗಳನ್ನು ತೊಳೆದು, ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ಸಣ್ಣ ನಾಳಗಳ ಕಂಡೆನ್ಸರನ್ನೂ ಬದಲಾಯಿಸಬೇಕು; ಇಲ್ಲವಾದರೆ ಹೊಸ ಕಂಪ್ರೆಸರ್ ಅದೇ ಪುಡಿಯಿಂದ ಹಾಳಾಗುತ್ತದೆ. ನಂತರ ವ್ಯಾಕ್ಯೂಮ್ ಪಂಪನ್ನು ಜೋಡಿಸಿ, ಸಮುದ್ರಮಟ್ಟದಲ್ಲಿ 29 ಇಂಚು ಪಾದರಸಕ್ಕಿಂತ ಆಳಕ್ಕೆ ಎಳೆದು, ಕನಿಷ್ಠ 45 ನಿಮಿಷ ನಡೆಸಿ. ಎತ್ತರದ ಪ್ರದೇಶದಲ್ಲಿ ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ಒಳಗಿನ ತೇವವು ಸಾಮಾನ್ಯ ಉಷ್ಣತೆಯಲ್ಲಿಯೇ ಕುದಿದು ಹೊರಹೋಗುತ್ತದೆ. ಉದ್ದ ಹೋಸುಗಳಿರುವ ವಾಹನಕ್ಕೆ ಇನ್ನೂ ಹೆಚ್ಚು ಸಮಯ ಕೊಡಿ. ಪಂಪ್ ನಿಲ್ಲಿಸಿದ ಅರ್ಧ ಗಂಟೆಯ ನಂತರವೂ ಮುಳ್ಳು ಕದಲದಿದ್ದರೆ ಮಾತ್ರ ಗ್ಯಾಸ್ ತುಂಬಬಹುದು.

ತುಂಬುವಾಗ ಒತ್ತಡ ನೋಡಿ ಅಂದಾಜು ಮಾಡದೆ, ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಚೀಟಿಯಲ್ಲಿರುವ ತೂಕದಷ್ಟನ್ನೇ ಬಿಡಿ. ಎಂಜಿನ್ ಓಡುತ್ತಿರುವಾಗ ಲೋ ಸೈಡಿನಿಂದ ಮಾತ್ರ, ಡಬ್ಬಿಯನ್ನು ನೇರವಾಗಿ ನಿಲ್ಲಿಸಿ, ಆವಿಯ ರೂಪದಲ್ಲಿ ಬಿಡಬೇಕು. ಹೈ ಸೈಡಿನ ಗೇಜ್ ವಾಲ್ವ್ ಆಗ ತೆರೆದಿದ್ದರೆ ಡಬ್ಬಿ ಸಿಡಿಯಬಹುದು.

ಕೊನೆಯ ಪರೀಕ್ಷೆಗೆ ಒಂದು ಥರ್ಮಾಮೀಟರನ್ನು ನಡುವಿನ ಕಿಂಡಿಯಲ್ಲಿ, ಇನ್ನೊಂದನ್ನು ಒಳಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಇಡಿ. ಎರಡರ ನಡುವೆ 15 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸ ಬಂದರೆ ಕೆಲಸ ಚೆನ್ನಾಗಿದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಸ್ವಲ್ಪ ಕಡಿಮೆ ಬರಬಹುದು. ವಾಹನದ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ಎಂದೂ ನೋಡಿ. ತೊಟ್ಟಿಕ್ಕದೆ ಒಳಗಿನ ನೆಲ ಒದ್ದೆಯಾಗುತ್ತಿದ್ದರೆ ಇವಾಪೊರೇಟರ್ ಪೆಟ್ಟಿಗೆಯ ತಳದ ನೀರಿನ ನಳಿಗೆಯನ್ನು ಮೃದುವಾದ ತಂತಿಯಿಂದ ಬಿಡಿಸಿ. ಅನಂತರ ತುಂಬಿದ ಗ್ಯಾಸಿನ ತೂಕ, ಹಾಕಿದ ಎಣ್ಣೆಯ ಬಗೆ ಮತ್ತು ಪ್ರಮಾಣ, ಎರಡೂ ಬದಿಯ ಒತ್ತಡ, ಹೊರಗಿನ ಉಷ್ಣತೆ, ದಿನಾಂಕ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಎಂಜಿನ್ ಬಳಿಯ ಮೂಲ ಚೀಟಿಯ ಪಕ್ಕದಲ್ಲಿ ಅಂಟಿಸಿಡಿ.